ಜರ್ಮನಿಯ ಬಾನ್‌ನಿಂದ ಅಪ್ಪನವರಿಗೆ

ತೀರ್ಥರೂಪರಾದ ಅಪ್ಪನವರಿಗೆ ಹಾಗೂ ಅಮ್ಮನಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನಿಲ್ಲಿ ಕ್ಷೇಮವಾಗಿದ್ದೇನೆ, ನಿಮ್ಮೆಲ್ಲರ ಕ್ಷೇಮ ಸಮಾಚಾರಕ್ಕೆ ಆಗಾಗ ಕಾಗದ ಬರೆಯುತ್ತಿರಿ.

ಬರಿಗಣ್ಣಿಗೇ ಕಾಣುವ ನಕ್ಷತ್ರಗಳಿಗೆ ರೇಡಿಯೊ ದೂರದರ್ಶಕವೇಕೆ ಎಂದು ಹೋದ ಸಲ ಕೇಳಿದ್ದಿರಿ. ನಾವು ನೋಡುವುದು ಇನ್ನೂ ಹುಟ್ಟುತ್ತಿರುವ ನಕ್ಷತ್ರಗಳನ್ನು, ಅದರಲ್ಲಿಯೂ ಸೂರ್ಯನ ಎಂಟು ಪಟ್ಟಿಗಿಂತ ಹೆಚ್ಚು ದ್ರವ್ಯವಿರುವ ಭಾರಿ ನಕ್ಷತ್ರಗಳನ್ನು. ನೀವು ಮಳೆಯ ಲೆಕ್ಕಕ್ಕೆ ಹಿಡಿಯುವ ಆರಿದ್ರಾ ಅಂಥದೇ ನಕ್ಷತ್ರ. ಸೂರ್ಯನಿಗೆ ಸುಮಾರು 460 ಕೋಟಿ ವರ್ಷ ವಯಸ್ಸಾಗಿದ್ದರೂ ಅವನಿನ್ನೂ ನಡುವಯಸ್ಸಿನವನು. ಆರ್ದ್ರಾ ಹುಟ್ಟಿ ಒಂದು ಕೋಟಿ ವರ್ಷದ ಆಸುಪಾಸಿನಲ್ಲೇ ಮುಪ್ಪಿಗೆ ಬಂದುಬಿಟ್ಟಿದೆ. ನಾವು ಉಸಿರಾಡುವ ಆಮ್ಲಜನಕದ ಬಹುಪಾಲು ಇಂಥ ನಕ್ಷತ್ರಗಳ ಒಡಲಲ್ಲಿ ತಯಾರಾದದ್ದು. ಹಾಗಿದ್ದೂ ಅವು ಹುಟ್ಟುವ ಬಗೆ ಬಹುಕಾಲ ಒಗಟಾಗಿಯೇ ಉಳಿದಿತ್ತು.

ಅವು ಹುಟ್ಟುವುದು ದಟ್ಟವಾದ ಅನಿಲ ಮತ್ತು ಧೂಳಿನ ಮೋಡದೊಳಗೆ. ಬೆಳಕು ಆ ಧೂಳನ್ನು ದಾಟಿ ಬರಲಾರದು. ಧೂಳಿನ ಕಣಗಳಿಗಿಂತ ಎಷ್ಟೋ ಪಾಲು ಉದ್ದವಾದ ರೇಡಿಯೊ ಅಲೆಗಳು ನಿರಾಯಾಸವಾಗಿ ದಾಟಿ ಬರುತ್ತವೆ. ಇನ್ನೊಂದು ಕಷ್ಟವೂ ಇದೆ. ಭಾರಿ ನಕ್ಷತ್ರ ಬೆಳೆಯುತ್ತಿರುವಾಗಲೇ ಎಷ್ಟು ಪ್ರಖರವಾಗಿ ಉರಿಯತೊಡಗುತ್ತದೆಯೆಂದರೆ, ಅದರ ಬೆಳಕೇ ಒಳಬೀಳುವ ಧೂಳನ್ನು ಹೊರಕ್ಕೆ ತಳ್ಳುತ್ತದೆ. ಹಾಗಾದರೆ ಅದು ಮುಂದಕ್ಕೆ ಬೆಳೆಯುವುದು ಹೇಗೆ? ದ್ರವ್ಯವು ಸುತ್ತಲೂ ತಿರುಗುವ ಒಂದು ತಟ್ಟೆಯ ಮೂಲಕ ಬದಿಯಿಂದ ಒಳಸೇರುತ್ತದೆ, ಬೆಳಕು ಮೇಲಕ್ಕೂ ಕೆಳಕ್ಕೂ ತಪ್ಪಿಸಿಕೊಂಡು ಹೋಗುತ್ತದೆ ಎಂಬ ಉತ್ತರ ನನಗೆ ಸರಿಯೆನಿಸುತ್ತದೆ.

ಇದಕ್ಕೆ ಸಾಕ್ಷಿ ನುಡಿಯುವುದು ಮೆಥನಾಲ್. ಕಳ್ಳಭಟ್ಟಿಯಲ್ಲಿ ಬೆರೆತು ಜನರ ಪ್ರಾಣ ತೆಗೆಯಿತೆಂದು ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಅದೇ ಮೆಥನಾಲ್. ಎಳೆಯ ನಕ್ಷತ್ರದ ಕಾವಿನಿಂದ ಅದರ ಅಣುಗಳು ಉದ್ರೇಕಗೊಂಡು 6.7 ಗಿಗಾಹರ್ಟ್ಸ್ ಆವರ್ತನದಲ್ಲಿ, ಅಂದರೆ ಸುಮಾರು ನಾಲ್ಕೂವರೆ ಸೆಂಟಿಮೀಟರ್ ಅಲೆಯಲ್ಲಿ, ಲೇಸರಿನಂತೆ ತೀಕ್ಷ್ಣವಾದ ರೇಡಿಯೊ ಅಲೆಗಳನ್ನು ಹೊಮ್ಮಿಸುತ್ತವೆ. ಇದನ್ನು ಮೇಸರ್ ಎನ್ನುತ್ತೇವೆ. ಮುಂದೆ ನಮ್ಮ ಈ ಬಾನ್‌ನ ರೇಡಿಯೊ ಖಗೋಳ ಸಂಸ್ಥೆಯ ನಿರ್ದೇಶಕರಾದ ಕಾರ್ಲ್ ಮೆಂಟನ್ ಅವರು 1991ರಲ್ಲಿ ಇದನ್ನು ಪ್ರಕಟಿಸಿದರು. ಈ ಮೇಸರ್ ಭಾರಿ ನಕ್ಷತ್ರಗಳು ಹುಟ್ಟುವೆಡೆ ಮಾತ್ರ ಸಿಗುವುದರಿಂದ ಅದು ಕಂಡಲ್ಲಿ ಹುಡುಕಿದರೆ ಸಾಕು.

2015ರಲ್ಲಿ ಮಹಾವ್ಯಾಧ ಪುಂಜದ ಉತ್ತರದ ಅಂಚಿನಲ್ಲಿರುವ ಎಸ್255 ಎಂಬ ಮೋಡದೊಳಗಿನ ಮೇಸರ್ ಒಮ್ಮೆಲೇ ಪ್ರಬಲವಾದುದನ್ನು ಜಪಾನಿನ ಖಗೋಳಜ್ಞರು ಗಮನಿಸಿದರು. ಅವಕೆಂಪು ದೂರದರ್ಶಕಗಳನ್ನು ಅತ್ತ ತಿರುಗಿಸಿದಾಗ, ಸೂರ್ಯನ ಸುಮಾರು ಇಪ್ಪತ್ತು ಪಟ್ಟು ದ್ರವ್ಯದ ಎಳೆಯ ನಕ್ಷತ್ರವೊಂದು ತಟ್ಟೆಯಿಂದ ದೊಡ್ಡ ತುತ್ತನ್ನೇ ನುಂಗಿ ಹಲವು ಪಟ್ಟು ಪ್ರಕಾಶಮಾನವಾಗಿತ್ತು. ಒಂದು ವರ್ಷಕ್ಕೂ ಹೆಚ್ಚು ಕಾಲದ ನಂತರ, ಅದು ಹೊರಗೆ ಚಿಮ್ಮಿಸುವ ಅನಿಲದ ಧಾರೆಯೂ ರೇಡಿಯೊದಲ್ಲಿ ಬೆಳಗಿತು. ನುಂಗಿದ್ದೂ ಉಗುಳಿದ್ದೂ ಹೀಗೆ ಒಂದರ ಹಿಂದೊಂದು ಕಂಡದ್ದು ನನ್ನ ಮಟ್ಟಿಗೆ ಯಾವ ಲೆಕ್ಕಾಚಾರಕ್ಕಿಂತಲೂ ದೊಡ್ಡದು.

ನಾನು ಕೆಲಸ ಮಾಡುವ ದೂರದರ್ಶಕ ಇಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಎಫೆಲ್ಸ್‌ಬರ್ಗ್ ಕಣಿವೆಯಲ್ಲಿದೆ. ನಮ್ಮ ಗೌರಿಬಿದನೂರಿನ ವೀಕ್ಷಣಾಲಯದಲ್ಲಿ ಹಿಡಿಯುವ ಅಲೆಗಳು ಮೀಟರುಗಟ್ಟಲೆ ಉದ್ದವಾದ್ದರಿಂದ ಅಲ್ಲಿ ಬಯಲಿನಲ್ಲಿ ಸಾಲುಸಾಲಾಗಿ ನೆಟ್ಟ ತಂತಿಯ ಆಂಟೆನಾಗಳೇ ಸಾಕಾಗಿವೆ. ಇಲ್ಲಿ 100 ಮೀಟರ್ ಅಗಲದ ಬೋಗುಣಿಯೇ ಬೇಕು. 3200 ಟನ್ ತೂಕದ ಅದು ವಾಲಿದಾಗ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಆದರೆ ಬಾಗಿದ ಮೇಲೂ ಪರವಲಯದ ಆಕಾರ ಕೆಡದಂತೆ ಅದನ್ನು ಕಟ್ಟಿದ್ದಾರೆ. ಅಲೆಗಳು ಬಂದು ಕೂಡುವ ನಾಭಿ ಸರಿದಷ್ಟು, ಅವನ್ನು ಹಿಡಿಯುವ ಗ್ರಾಹಕ ಯಂತ್ರವನ್ನೂ ಸರಿಸಿಕೊಂಡರಾಯಿತು. 1972ರಿಂದ ಇಂದಿನವರೆಗೂ ದುಡಿಯುತ್ತಿರುವ ಆ ಕಟ್ಟಡಗಾರಿಕೆಗೆ ನಾನು ಮನಸಾರೆ ತಲೆಬಾಗುತ್ತೇನೆ.

ಮುಂದಿನ ವಾರದ ವೀಕ್ಷಣೆ ಮುಗಿದ ಮೇಲೆ ಒಂದು ಮೇಸರಿನ ರೋಹಿತದ, ಅಂದರೆ ಯಾವ ಆವರ್ತನದಲ್ಲಿ ಅದು ಎಷ್ಟು ಪ್ರಬಲವೆಂದು ತೋರಿಸುವ ಗೆರೆಚಿತ್ರದ, ಪ್ರತಿಯನ್ನು ಕಳುಹಿಸುತ್ತೇನೆ. ಅದರಲ್ಲಿ ಮೇಲೆದ್ದು ನಿಂತ ಒಂದೊಂದು ಮೊನೆಯೂ ಒಂದೊಂದು ವೇಗದಲ್ಲಿ ಚಲಿಸುವ ಮೆಥನಾಲ್ ಅನಿಲದ್ದು. ಎಡಬಲಕ್ಕೆ ಅದು ನಿಂತ ಜಾಗದಿಂದ ಅನಿಲ ನಮ್ಮತ್ತ ಬರುತ್ತಿದೆಯೋ ದೂರ ಸರಿಯುತ್ತಿದೆಯೋ ಎಂಬುದನ್ನು ನೀವೇ ಓದಿಕೊಳ್ಳಬಹುದು.

ಇಂತಿ ನಿಮ್ಮ ಪ್ರೀತಿಯ ಮಗಳು