ವಿಮ್ ಎಡಿಟರನ್ನು ಪೂರ್ತಿ ಕಲಿಸಿ

ಮಾನ್ಯ ಸಂಪಾದಕರೇ,

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಿಂದಲೇ ದೂರದ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ರಜೆಗೆ ಊರಿಗೆ ಬರುವ ಡಿಪ್ಲೊಮಾ, ಎಂಜಿನಿಯರಿಂಗ್ ಮಕ್ಕಳು ಲಿನಕ್ಸ್ ಕಲಿಯಲು ಬರುತ್ತಾರೆ. ಲಿನಕ್ಸ್‌ನಲ್ಲಿ ಫೈಲ್ ಬರೆಯಲು, ತಿದ್ದಲು ಬಳಸುವ ವಿಮ್‌ನಲ್ಲಿ ಅವರಿಗೆ ಗೊತ್ತಿರುವುದು ಐ ಒತ್ತಿ ಬರೆಯುವುದು, ಉಳಿಸಿ ಹೊರಬರುವುದು, ಅಷ್ಟೇ. ಲ್ಯಾಬ್ ಪರೀಕ್ಷೆಗೆ ಅದು ಸಾಕು. ಕೆಲಸಕ್ಕೆ ಸಾಲದು.

ವಿಮ್‌ಗೆ ಮೂಲವಾದ ವಿಐ ಎಡಿಟರನ್ನು ಬಿಲ್ ಜಾಯ್ 1976ರಲ್ಲಿ ಬರೆದರು. ಆಗಿನ ಮೋಡೆಮ್‌ಗಳು ತೀರಾ ನಿಧಾನ. ಹಾಗಾಗಿ ಕಡಿಮೆ ಕೀಲಿಯಲ್ಲಿ ಜಾಸ್ತಿ ಕೆಲಸ ಆಗುವಂತೆ ಅದು ಬೆಳೆಯಿತು. ಆಷಾಢದ ಮಳೆಯಲ್ಲಿ ನೆಟ್‌ವರ್ಕ್ ಒದ್ದಾಡುವ ನಮ್ಮ ಕಡೆಗೆ ಇದಕ್ಕಿಂತ ಒಪ್ಪುವ ಎಡಿಟರ್ ಬೇರೆ ಇಲ್ಲ ಎಂದೇ ನನ್ನ ಅನಿಸಿಕೆ.

ಫೈಲಿನಲ್ಲಿ ಒಂದು ಪದ ಹತ್ತಾರು ಕಡೆ ಇದೆ, ಕೆಲವು ಕಡೆ ಮಾತ್ರ ಬದಲಾಗಬೇಕು ಅಂದುಕೊಳ್ಳಿ. ಮೊದಲು ಓರೆಗೆರೆ ಒತ್ತಿ ಆ ಪದ ಹುಡುಕಿ. ಸಣ್ಣಕ್ಷರದಲ್ಲಿ ಸಿ, ಜಿ, ಎನ್ ಒತ್ತಿ, ಹೊಸ ಪದ ಬರೆದು ಎಸ್ಕೇಪ್ ಒತ್ತಿ. ಆಮೇಲೆ ಎನ್ ಒತ್ತಿದರೆ ಮುಂದಿನದು ಸಿಗುತ್ತದೆ. ಬದಲಿಸಬೇಕಿದ್ದರೆ ಹಿಂದಿನ ಬದಲಾವಣೆಯನ್ನೇ ಮತ್ತೆ ಮಾಡುವ ಚುಕ್ಕಿ ಒತ್ತಿ, ಬೇಡವಾದರೆ ಮತ್ತೆ ಎನ್. ಇದನ್ನು ನೋಡಿದ ಮಕ್ಕಳ ಮುಖ ಅರಳುತ್ತದೆ.

ಒತ್ತಿದ ಕೀಲಿಗಳನ್ನು ರೆಕಾರ್ಡ್ ಮಾಡಿ ಮತ್ತೆ ಮತ್ತೆ ಓಡಿಸುವ ಮ್ಯಾಕ್ರೋ ಇನ್ನೂ ದೊಡ್ಡದು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಅಡಿಕೆ ಧಾರಣೆಯ ಉದ್ದ ಪಟ್ಟಿ ಇದೆ, ಪ್ರತಿ ಸಾಲನ್ನೂ ಒಂದೇ ರೀತಿ ತಿದ್ದಬೇಕು. ಕ್ಯೂ, ಎ ಒತ್ತಿ ರೆಕಾರ್ಡ್ ಶುರುಮಾಡಿ, ಒಂದು ಸಾಲು ತಿದ್ದಿ, ಮುಂದಿನ ಸಾಲಿಗೆ ಇಳಿದು, ಕ್ಯೂ ಒತ್ತಿ ನಿಲ್ಲಿಸಿ. ನಂತರ 50 ಎಂದು ಒತ್ತಿ, ಅಟ್ ಚಿಹ್ನೆ ಮತ್ತು ಎ ಒತ್ತಿದರೆ ಮುಂದಿನ 50 ಸಾಲು ತಾನಾಗಿ ತಿದ್ದಿಕೊಳ್ಳುತ್ತವೆ. ಆದರೆ ರೆಕಾರ್ಡ್ ಶುರುವಾದ ತಕ್ಷಣ ಸೊನ್ನೆ ಒತ್ತಿ ಸಾಲಿನ ಮೊದಲಿಗೆ ಹೋಗಬೇಕು. ಬಾಣದ ಕೀಲಿಯಲ್ಲಿ ಅಕ್ಷರ ಎಣಿಸುತ್ತಾ ಸರಿಯಬಾರದು. ಡಬ್ಲ್ಯೂ ಒತ್ತಿ ಪದದಿಂದ ಪದಕ್ಕೆ, ಎಫ್ ಮತ್ತು ಕಾಮಾ ಒತ್ತಿ ಮುಂದಿನ ಕಾಮಾಕ್ಕೆ ಹೋಗಬೇಕು. ಎಲ್ಲ ಸಾಲುಗಳ ಉದ್ದ ಒಂದೇ ಇರಲ್ಲ ಅಲ್ವಾ?

ಕರೆಂಟ್ ಹೋದರೂ ಬರೆದದ್ದು ಪೂರ್ತಿ ಹೋಗುವುದಿಲ್ಲ. 200 ಅಕ್ಷರ ಒತ್ತಿದಾಗ ಅಥವಾ 4 ಸೆಕೆಂಡ್ ಸುಮ್ನೆ ಬಿಟ್ಟಾಗ ವಿಮ್ ಅದನ್ನು ಸ್ವಾಪ್ ಫೈಲ್ ಎಂಬ ತಾತ್ಕಾಲಿಕ ಫೈಲಿನಲ್ಲಿ ಇಟ್ಟಿರುತ್ತದೆ. ಮತ್ತೆ ತೆರೆದಾಗ ಬರುವ ಎಚ್ಚರಿಕೆಗೆ ಆರ್ ಒತ್ತಿದರೆ ವಾಪಸ್ ಸಿಗುತ್ತದೆ. ಸರ್ವರ್‌ನಲ್ಲಿ ಟಿಮಕ್ಸ್ (ಸಂಪರ್ಕ ಕಡಿದರೂ ಟರ್ಮಿನಲ್ಲನ್ನು ಸರ್ವರ್‌ನಲ್ಲೇ ಓಡಿಸುತ್ತಿರುವ ತಂತ್ರಾಂಶ) ಒಳಗೆ ವಿಮ್ ತೆರೆದಿದ್ದರೆ ನಮ್ಮ ನೆಟ್ ಕಡಿದರೂ ಕೆಲಸ ಅಲ್ಲೇ ಹಾಗೇ ಇರುತ್ತದೆ.

ಬ್ರಾಮ್ ಮೊಲೆನಾರ್ 1991ರಲ್ಲಿ ಹೊರತಂದ ವಿಮ್‌ಗೆ ಕಾಲೇಜು ಕಾಸು ಕೊಡಬೇಕಿಲ್ಲ. ಅದರ ಜೊತೆಗೇ ಬರುವ ವಿಮ್‌ಟ್ಯೂಟರ್ ಪಾಠ ಅರ್ಧ ಗಂಟೆಯದು. ಶಿವಮೊಗ್ಗ ಜಿಲ್ಲೆಯ ಕಾಲೇಜುಗಳ ಉಪನ್ಯಾಸಕರು ಮೊದಲ ಲ್ಯಾಬ್‌ನಲ್ಲೇ ಅದನ್ನು ಮಾಡಿಸಿ, ಮುಂದಿನ ವಾರ ಚುಕ್ಕಿ ಮತ್ತು ಮ್ಯಾಕ್ರೋ ಕಲಿಸಲಿ ಎಂದು ಕೇಳಿಕೊಳ್ಳುತ್ತೇನೆ.

– ಓದುಗ, ತೀರ್ಥಹಳ್ಳಿ ತಾಲ್ಲೂಕು