ಜುವಾರಿ ಸೇತುವೆ: ಕೇಬಲ್‌ಗಳ ಬುಡ ನೋಡಿ

ಮಾನ್ಯರೆ,

ಕಾರವಾರದಿಂದ ಪಣಜಿಗೆ ಬರುವ ನಮ್ಮವರು ಗೋವಾದ ಜುವಾರಿ ನದಿಯ ಹೊಸ ಸೇತುವೆಯನ್ನು ತೂಗುಸೇತುವೆ ಎನ್ನುತ್ತಾರೆ. ಅದು ತೂಗುಸೇತುವೆಯಲ್ಲ, ಕೇಬಲ್-ಸ್ಟೇಡ್ ಸೇತುವೆ. ಪ್ರತಿ ಕೇಬಲ್ಲೂ ಗೋಪುರದಿಂದ ನೇರ ಬಂದು ವಾಹನ ಓಡುವ ಡೆಕ್ಕನ್ನು ಎತ್ತಿ ಹಿಡಿಯುತ್ತದೆ. ಹಾಗಾಗಿಯೇ ಬಾರ್ಜ್‌ಗಳು ಓಡಾಡುವ ಜಾಗದಲ್ಲಿ ಕಂಬಗಳಿಲ್ಲ.

ಇಂಥ ಸೇತುವೆಗಳಲ್ಲಿ ಅಪಾಯ ಇರುವುದು ಮೇಲಲ್ಲ, ಬುಡದಲ್ಲಿ. ಮಳೆನೀರು ಕೇಬಲ್ ಹೊದಿಕೆಯ ಮೇಲೆ ಜಾರಿ ಬಂದು, ನೀರು ತಡೆಯುವ ರಬ್ಬರ್ ಕಾಲರ್ ಬಿರಿದಿದ್ದರೆ ಒಳಗಿಳಿಯುತ್ತದೆ. ಕೆಳಗಿನ ರಂಧ್ರ ಕಸದಿಂದ ಕಟ್ಟಿಕೊಂಡಿದ್ದರೆ ಕೇಬಲ್ ತುದಿಯನ್ನು ಬಿಗಿದಿಡುವ ಆಂಕರ್ ಬಳಿಯೇ ನಿಂತುಬಿಡುತ್ತದೆ. ಇಲ್ಲಿನ ಉಪ್ಪುಗಾಳಿಗೆ ಅಷ್ಟು ಸಾಕು, ಕೇಬಲ್ ಒಳಗಿನ 7 ತಂತಿ ಹೆಣೆದ ಎಳೆಗಳಿಗೆ ತುಕ್ಕು ಹತ್ತಲು.

ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಇನ್ನೊಮ್ಮೆ ಆಂಕರ್ ಮುಚ್ಚಳ ಬಿಚ್ಚಿ ನೋಡಬೇಕು. ಗ್ರೀಸ್ ತುಕ್ಕಿನಿಂದ ಕೆಂಪಾಗಿದ್ದರೆ ಕಾಯಬಾರದು. ಕೇಬಲ್ ಕಂಪನವನ್ನೂ ಅಳೆಯಬೇಕು: ಸೆಕೆಂಡಿಗೆ ಆಗುವ ಕಂಪನಗಳ ಸಂಖ್ಯೆ ಶೇ 5ರಷ್ಟು ತಗ್ಗಿದರೆ ಬಿಗಿ ಸುಮಾರು ಶೇ 10ರಷ್ಟು ಸಡಿಲಾಗಿದೆ ಎಂದರ್ಥ.

ಈ ಅಳತೆಗಳನ್ನು ಪ್ರತಿವರ್ಷ ಜನರ ಮುಂದಿಡಲಿ. 1986ರ ಜುಲೈನಲ್ಲಿ ಮಾಂಡೋವಿ ಸೇತುವೆ ಕುಸಿದದ್ದನ್ನು ಪಣಜಿ ಮರೆತಿಲ್ಲ.

– ಸೇತುವೆ ಎಂಜಿನಿಯರ್‌ಗಳು, ವಾಸ್ಕೋ