ಗುರುವಾರಕ್ಕೆ ಮುಂಚೆ ಬರೆಯಬೇಕಾದ ಒಂದು ಹಾಳೆ

ಶಿರಸಿ, ಸೋಮವಾರ

ಕೂಸೇ,

ಗುರುವಾರ ದೊಡ್ಡಪ್ಪನ ಜೊತೆ ಹುಬ್ಬಳ್ಳಿಯ ಕ್ಯಾನ್ಸರ್ ಡಾಕ್ಟರ ಹತ್ತಿರ ಹೋಗುವವಳು ನೀನೇ ಅಂತಾಯಿತಲ್ಲ. ಫೈಲು, ಸ್ಕ್ಯಾನ್ ಸೀಡಿ, ರಕ್ತದ ರಿಪೋರ್ಟು ನೀನು ಮರೆಯುವವಳಲ್ಲ. ಅವುಗಳ ಮೇಲೆ ಇನ್ನೊಂದು ಹಾಳೆ ಇರಲಿ. ಬುಧವಾರ ರಾತ್ರಿ ಊಟವಾದ ಮೇಲೆ ಅವರ ಹತ್ತಿರ ಕೂತು ಬರೆದುಕೋ: ಏನೇ ಆದರೂ ಬಿಡಲಾಗದ್ದು ಯಾವುದು, ಏನು ಬಂದರೆ ಔಷಧಿಯೇ ಬೇಡ ಅನ್ನಿಸುತ್ತದೆ. ಅವರ ಮಾತಿನಲ್ಲೇ ಬರೆ, ತಿದ್ದಬೇಡ.

ಕರುಳಿನ ಕ್ಯಾನ್ಸರ್ ಲಿವರಿಗೂ ಶ್ವಾಸಕೋಶಕ್ಕೂ ಹಬ್ಬಿ, ಆಪರೇಶನ್ ಆಗದು ಅಂದ ಮೇಲೆ ಡಾಕ್ಟರ ಅಳತೆಗೋಲು ಒಂದು, ರೋಗಿಯದು ಇನ್ನೊಂದು. ಗುರುತು ಮಾಡಿದ ಗಡ್ಡೆಗಳ ಅಳತೆ ಒಟ್ಟು ಸೇರಿ ಶೇ. 30 ಇಳಿದರೆ ಅವರ ಭಾಷೆಯಲ್ಲಿ ‘ರೆಸ್ಪಾನ್ಸ್’, ಶೇ. 20 ಏರಿದರೆ ರೋಗ ಮುಂದುವರಿದಿದೆ ಅಂತ. ಗಡ್ಡೆ ಕುಗ್ಗಿದಷ್ಟೇ ಪಾಲು ಆಯುಷ್ಯ ಬೆಳೆಯುತ್ತದೆ ಅಂತೇನಿಲ್ಲ. ‘ಔಷಧಿ ಕೆಲಸ ಮಾಡುತ್ತದೆ’ ಅಂದರೆ ಗಡ್ಡೆ ಕುಗ್ಗಿಸುತ್ತದೆಯೋ, ದಿನ ಹೆಚ್ಚಿಸುತ್ತದೆಯೋ, ನೋವು ಇಳಿಸುತ್ತದೆಯೋ ಅಂತ ಬಿಡಿಸಿ ಕೇಳು.

ದೊಡ್ಡಪ್ಪನ ಮದ್ದಳೆ ನೋಡು. ಆಕ್ಸಾಲಿಪ್ಲಾಟಿನ್ ಅಂತ ಕಿಮೊ ಔಷಧಿ ಕೊಟ್ಟರೆ ಸುರುವಿನಲ್ಲಿ ತಣ್ಣೀರು ಮುಟ್ಟಿದಾಗ ಬೆರಳು ಜುಮುಗುಡುತ್ತದೆ, ಕೆಲವು ದಿನಕ್ಕೆ ಹೋಗುತ್ತದೆ. ಕಿಮೊದ ಸುತ್ತು, ಅಂದರೆ ಸೈಕಲ್, ಹೆಚ್ಚಿದ ಹಾಗೆ ಜೋಮು ಅಲ್ಲೇ ಕೂತುಬಿಡುತ್ತದೆ. ಔಷಧಿ ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಬಿಡದು. ಅಂಗಿ ಗುಂಡಿ ಹಾಕಲಿಕ್ಕೆ, ತುತ್ತು ಎತ್ತಲಿಕ್ಕೆ ಬರುವ ತನಕ ಅಡ್ಡಪರಿಣಾಮದ ತೀವ್ರತೆ ಬರೆಯುವ ಆಸ್ಪತ್ರೆಯ ಹಾಳೆಯಲ್ಲಿ ಅದು ಗ್ರೇಡ್ 1 ಅಥವಾ 2, ಅಂದರೆ ಮುಂದುವರಿಸಬಹುದಾದ್ದು. ಚಾಪಿನ ಪೆಟ್ಟು ಬೆರಳಿಗೆ ಗೊತ್ತಾಗದೆ ಹೋದರೆ ದೊಡ್ಡಪ್ಪನಿಗೆ ಅದು ಎಷ್ಟನೇ ಗ್ರೇಡು? ಇರಿನೋಟೆಕಾನ್ ಅಂತ ಇನ್ನೊಂದಿದೆ. ಕೂದಲು ಹೋಗುತ್ತದೆ, ಭೇದಿ ಕಾಡುತ್ತದೆ, ಬೆರಳು ಮಾತ್ರ ಉಳಿಯುತ್ತದೆ. ಮೊದಲ ಸರ್ತಿಯ ಚಿಕಿತ್ಸೆಯಲ್ಲಿ ಫಲ ಹೆಚ್ಚೂಕಡಿಮೆ ಒಂದೇ. ಆದರೆ ಮದ್ದಳೆಯ ವಿಷಯ ಯಾರೂ ಹೇಳದಿದ್ದರೆ ಈ ಬದಲಿಯ ಮಾತು ಏಳುವುದೇ ಇಲ್ಲ. ಡಾಕ್ಟರಿಗೆ ಕನಸು ಬೀಳುತ್ತದೆಯೇ?

ದಿನಗಳ ಲೆಕ್ಕವನ್ನೂ ಹಾಕು. ಎರಡು ವಾರಕ್ಕೊಮ್ಮೆಯ ಈ ಕ್ರಮದಲ್ಲಿ ಔಷಧಿಯನ್ನು ನಿಧಾನಕ್ಕೆ ಹರಿಸುವ 46 ತಾಸಿನ ಪಂಪ್ ಇರುತ್ತದೆ: ಒಂದೋ ಅಡ್ಮಿಟ್, ಇಲ್ಲವೋ ಪಂಪ್ ಸಮೇತ ಮನೆಗೆ ಬಂದು ತೆಗೆಸಲಿಕ್ಕೆ ಮತ್ತೆ ನೂರು ಕಿಲೋಮೀಟರು. ಪ್ರತಿ ಸಲ ಮುಂಚೆ ರಕ್ತಪರೀಕ್ಷೆ. ಬಿಳಿಕಣ ಕಮ್ಮಿಯಾದರೆ ಬರಿಗೈಯಲ್ಲಿ ವಾಪಸ್. ಪರೀಕ್ಷೆಯನ್ನು ಹಿಂದಿನ ದಿನ ಶಿರಸಿಯಲ್ಲೇ ಮಾಡಿಸಿ ರಿಪೋರ್ಟು ಕಳಿಸಿದರೆ ಆಗುತ್ತದೆಯೇ ಕೇಳು. ಅಡಿಕೆ ಕೊನೆ ಕೊಯ್ಲಿನ ವಾರ ಒಂದು ಸೈಕಲ್ ಮುಂದೆ ಹಾಕಬಹುದೇ ಅಂತಲೂ ಕೇಳು, ನಾಚಿಕೆ ಬೇಡ.

ಹಾಗಂತ ದೊಡ್ಡಪ್ಪನಿಗೆ ಕಮ್ಮಿ ಔಷಧಿಯೇ ಬೇಕು ಅಂತ ನೀನು ತೀರ್ಮಾನಿಸಬೇಡ. 1990ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಬಂದ ಅಧ್ಯಯನದಲ್ಲಿ, ಡಾಕ್ಟರು-ನರ್ಸುಗಳು ಬೇಡ ಅನ್ನುವಷ್ಟು ಚಿಕ್ಕ ಆಸೆಗೂ ರೋಗಿಗಳು ಕಠಿಣ ಕಿಮೊಗೆ ತಯಾರಿದ್ದರು. ಆ ಆಸೆ ತಪ್ಪು ತಿಳಿವಳಿಕೆಯದೂ ಇರಬಹುದು: 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಹಬ್ಬಿದ ಕರುಳಿನ ಕ್ಯಾನ್ಸರಿಗೆ ಕಿಮೊ ತೆಗೆದುಕೊಳ್ಳುತ್ತಿದ್ದ ಶೇ. 81 ಜನರಿಗೆ ಅದರಿಂದ ರೋಗ ವಾಸಿಯಾಗುವ ಸಂಭವ ಇಲ್ಲವೆಂಬುದು ಸರಿಯಾಗಿ ಅರ್ಥವಾಗಿರಲಿಲ್ಲ. ಅದಕ್ಕೇ ‘ಅವರಿಗೆ ಹೇಳಬೇಡಿ’ ಅಂತ ಬಾಗಿಲಲ್ಲಿ ಪಿಸುಗುಡುವ ನಮ್ಮವರ ಚಾಳಿಗೆ ನೀನು ಬೀಳಬೇಡ. ಎಷ್ಟು ತಿಳಿಯಬೇಕು ಅಂತ ಡಾಕ್ಟರು ದೊಡ್ಡಪ್ಪನನ್ನೇ ಕೇಳಲಿ.

ಎಂಟು-ಹತ್ತು ವಾರಕ್ಕೆ ಸ್ಕ್ಯಾನ್ ಬರುತ್ತದೆ. ಆಗ ಏನು ಕಂಡರೆ ನಿಲ್ಲಿಸುವುದು ಅಂತ ಈಗಲೇ ಮಾತಾಡಿಕೊಳ್ಳಿ. ನೋವಿನ ವಿಭಾಗದ ಚೀಟಿಯನ್ನೂ ಅವತ್ತೇ ಬರೆಸಿಕೋ. ಸಾದಾ ಮಾರ್ಫಿನ್ ಮಾತ್ರೆ ಕೊಟ್ಟರೆ ನಾಲ್ಕು ತಾಸಿಗೊಮ್ಮೆ, ಜೊತೆಗೆ ದಿನಾ ಮಲ ಸಡಿಲಿಸುವ ಮಾತ್ರೆ. ವಾಕರಿಕೆ ವಾರದಲ್ಲಿ ಇಳಿಯುತ್ತದೆ, ಮಲಬದ್ಧತೆ ತಾನಾಗಿ ಇಳಿಯುವುದಿಲ್ಲ.

ಜ್ವರ 100.4 ದಾಟಿದರೆ, ಅದರಲ್ಲೂ ಕಿಮೊ ಆಗಿ 7ರಿಂದ 14 ದಿನದೊಳಗೆ, ಪ್ಯಾರಸಿಟಮಾಲ್ ನುಂಗಿಸಿ ಬೆಳಗಿನ ತನಕ ಕಾಯಬೇಡಿ. ರಾತ್ರಿಯೇ ಶಿರಸಿಯಲ್ಲಿ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಸುರುವಾಗಲಿ, ಹುಬ್ಬಳ್ಳಿ ಆಮೇಲೆ.

ಡಾಕ್ಟರು ಕೇಳಿದ್ದಕ್ಕೆ ದೊಡ್ಡಪ್ಪ ಉತ್ತರ ಹೇಳಲಿಕ್ಕೆ ತಡ ಮಾಡುತ್ತಾರೆ, ಗೊತ್ತಲ್ಲ. ಆ ಹೊತ್ತಿಗೆ ನೀನು ಬಾಯಿ ಹಾಕಬೇಡ.

ನಿನ್ನ
ಆಯಿ